ಸಾಹಿತ್ಯದಿಂದ ಸಂಗೀತಕ್ಕೆ: ಲಿಯೋಶ್ ಯಾನಾಚೆಕನ ಸಾಧನೆ

ಪಾಶ್ಚಾತ್ಯ ದೇಶಗಳಲ್ಲಿ ಸಾಹಿತ್ಯಕೃತಿಗಳನ್ನು ಆಧರಿಸಿ ಸಂಗೀತ ರಚಿಸುವ ಪದ್ಧತಿ ಬಹು ಹಳೆಯದು. ಕವಿತೆಗೆ ಸ್ವರ ಹಚ್ಚುವುದೂ ನಾಟಕವನ್ನು 'ಆಪೆರಾ' ಎಂಬ ಗೀತನಾಟಕವಾಗಿ ಮಾರ್ಪಡಿಸುವುದೂ ಅಲ್ಲಿ ನಾಲ್ಕು ಶತಮಾನಗಳಿಗೂ ಮಿಕ್ಕಿ ನಡೆದುಬಂದಿವೆ. ಪು.ತಿ.ನ. ಅವರ ಗೀತನಾಟಕಗಳನ್ನು ಬಲ್ಲ ಕನ್ನಡಿಗರಿಗೆ ಈ ಪ್ರಕಾರದ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ' ನಾಟಕವನ್ನು ಮುಂಬಯಿಯ ವನರಾಜ ಭಾಟಿಯಾ (1927-2021) ಅವರು ಪಾಶ್ಚಾತ್ಯ ಮಾದರಿಯ ಆಪೆರಾ ಆಗಿ ಸಂಯೋಜಿಸಿದುದರಿಂದ ಕನ್ನಡ ಸಾಹಿತ್ಯಕ್ಕೂ ಆ ಪರಂಪರೆಯ ಸ್ಪರ್ಶ ಆಗಿದೆ. ಆದರೆ ಆ ದೀರ್ಘ ಇತಿಹಾಸದ ಬಹುಭಾಗದಲ್ಲಿ ಸಂಗೀತವೇ ಒಡತಿಯಾಗಿಯೂ ಸಾಹಿತ್ಯವು ಅವಳ ಊಳಿಗದವಳಾಗಿಯೂ ಇದ್ದುದು ಕಂಡುಬರುತ್ತದೆ. ನಾಟಕದ ಸಹಜವಾದ ಮಾತನ್ನು ಮೊದಲು ಒಬ್ಬ ಪದ್ಯಕಾರನು ಪ್ರಾಸಬದ್ಧವಾದ 'ಲಿಬ್ರೆಟೊ' ಆಗಿ ತಿದ್ದಬೇಕು. ಆಮೇಲೆ ಸಂಗೀತಗಾರನು ತನಗೆ ಬೇಕಾದ ರಾಗರಚನೆಯ ಅಚ್ಚಿನಲ್ಲಿ ಅದನ್ನು ಸುರಿಯಬೇಕು. ಮೂಲದಲ್ಲಿ ಮನುಷ್ಯರು ಆಡಿದ ಮಾತು ಈ ಎರಡು ಸಂಸ್ಕಾರಗಳನ್ನು ಹಾಯ್ದು ಬರುವ ಹೊತ್ತಿಗೆ ಗುರುತು ಸಿಕ್ಕದಂತಾಗುತ್ತಿತ್ತು.

ರಷ್ಯದ ಮುಸೋರ್ಗ್‌ಸ್ಕಿಯು 1868ರಲ್ಲಿ ಗೊಗೊಲನ ಒಂದು ಪ್ರಹಸನದ ಗದ್ಯವನ್ನು ಹಾಗೆಯೇ ಸ್ವರಕ್ಕೆ ಕೂಡಿಸಲು ಯತ್ನಿಸಿ ಅರ್ಧದಲ್ಲಿ ಬಿಟ್ಟನು. ಫ್ರಾನ್ಸಿನ ಡೆಬ್ಯುಸ್ಸಿಯು ಮೇಟರ್‌ಲಿಂಕನ ಗದ್ಯನಾಟಕವೊಂದನ್ನು ಆಪೆರಾ ಆಗಿಸಿ 1902ರಲ್ಲಿ ರಂಗಕ್ಕೆ ತಂದನು. ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದವನು, ಬದುಕಿನ ಅರುವತ್ತು ವರ್ಷಗಳವರೆಗೆ ತನ್ನ ಪ್ರಾಂತದ ಹೊರಗೆ ಹೆಚ್ಚಾಗಿ ಯಾರಿಗೂ ತಿಳಿಯದಿದ್ದ ಮೊರಾವಿಯದ ಒಬ್ಬ ಉಪಾಧ್ಯಾಯ. ಅವನೇ ಲಿಯೋಶ್ ಯಾನಾಚೆಕ್.

ಈಗ ಚೆಕ್ ಗಣರಾಜ್ಯಕ್ಕೆ ಸೇರಿರುವ ಹುಕ್ವಾಲ್ಡಿ ಎಂಬ ಹಳ್ಳಿಯಲ್ಲಿ 1854ರ ಜುಲೈ 3ರಂದು ಅವನು ಜನಿಸಿದನು. ಆಗ ಆ ಸೀಮೆ ಆಸ್ಟ್ರಿಯ ಸಾಮ್ರಾಜ್ಯದ ಆಳ್ವಿಕೆಗೆ ಒಳಪಟ್ಟಿತ್ತು. ತಂದೆ ಹಳ್ಳಿಯ ಶಾಲಾ ಉಪಾಧ್ಯಾಯ; ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಹೊಣೆಯೂ ಅವನದೇ. ಬಡತನದ ಸಂಸಾರ. ಹನ್ನೊಂದು ವರ್ಷದ ಮಗನನ್ನು 1865ರಲ್ಲಿ ಬ್ರನೋ ನಗರದ ಅಗಸ್ಟೀನಿಯನ್ ಮಠಕ್ಕೆ ಗಾಯಕ ಬಾಲಕನಾಗಿ ಕಳುಹಿಸಿದರು; ಮರುವರ್ಷವೇ ತಂದೆ ತೀರಿಕೊಂಡನು. ಅನ್ನ, ವಸತಿ, ವಿದ್ಯೆ ಮೂರೂ ಆ ಮಠದಿಂದಲೇ ದೊರೆತವು. ಮಠದ ಪಾವೆಲ್ ಕ್ರಿಜ್‌ಕೊವ್‌ಸ್ಕಿ ಎಂಬ ಸಂನ್ಯಾಸಿ ಅವನ ಮೊದಲ ಸಂಗೀತಗುರು. ಬಟಾಣಿಯ ಗಿಡಗಳ ಮೇಲೆ ಪ್ರಯೋಗ ನಡೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗೋರ್ ಮೆಂಡೆಲ್ 1868ರಿಂದ ಅದೇ ಮಠದ ಅಧಿಪತಿಯಾಗಿದ್ದನು. 1884ರಲ್ಲಿ ಅವನು ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಆರ್ಗನ್ ನುಡಿಸಿದವನು ಯಾನಾಚೆಕ್. ಒಂದೇ ಮಠದ ಗೋಡೆಗಳೊಳಗೆ ಒಬ್ಬನು ಗಿಡದ ಕಾಳುಗಳನ್ನು ಎಣಿಸಿ ಬರೆದಿಟ್ಟನು. ಅಲ್ಲಿ ಬೆಳೆದ ಇನ್ನೊಬ್ಬನು ಮುಂದೆ ಜನರ ಮಾತುಗಳನ್ನು ಅಷ್ಟೇ ತಾಳ್ಮೆಯಿಂದ ಕೂಡಿಹಾಕಿದನು.

ಉಪಾಧ್ಯಾಯ ವೃತ್ತಿಯ ಶಿಕ್ಷಣ ಪಡೆದು, ಪ್ರಾಗ್, ಲೈಪ್ಸಿಗ್, ವಿಯೆನ್ನಾಗಳಲ್ಲಿ ಸಂಗೀತವನ್ನು ಅಭ್ಯಸಿಸಿ ಹಿಂದಿರುಗಿದ ಅವನು 1881ರಲ್ಲಿ ಬ್ರನೋದಲ್ಲಿ ಆರ್ಗನ್ ಶಾಲೆಯೊಂದನ್ನು ಸ್ಥಾಪಿಸಿದನು. ಅದೇ ವರ್ಷ ವಿವಾಹ. ಬಳಿಕ ಜಾನಪದ ವಿದ್ವಾಂಸ ಫ್ರಾಂಟಿಶೆಕ್ ಬಾರ್ತೋಶನೊಂದಿಗೆ ಹಳ್ಳಿಗಳನ್ನು ಸುತ್ತಿ ಹಾಡುಗಳನ್ನು ಸಂಗ್ರಹಿಸಿದನು. ಹಾಡಿನ ಬೇರು ಎಲ್ಲಿದೆಯೆಂದು ಹುಡುಕುತ್ತ ಹೋದವನಿಗೆ ಅದು ಆಡುಮಾತಿನಲ್ಲಿದೆಯೆಂಬ ನಿಶ್ಚಯವಾಯಿತು. ಸುಮಾರು 1897ರಿಂದ ಬದುಕಿನ ಕೊನೆಯವರೆಗೆ ಅವನು ಕಿಸೆಯಲ್ಲಿ ಪುಸ್ತಕವಿಟ್ಟುಕೊಂಡು ತಿರುಗಿದನು. ಸಂತೆಯಲ್ಲಿ ಕೂಗುವವಳು, ಜಗಳವಾಡುವ ಮಕ್ಕಳು, ರೈಲುನಿಲ್ದಾಣದಲ್ಲಿ ಬೀಳ್ಕೊಡುವವರು, ಹೀಗೆ ಯಾರ ಮಾತು ಕಿವಿಗೆ ಬಿದ್ದರೂ ಅದರ ಸ್ವರಸ್ಥಾನವನ್ನೂ ಕಾಲಪ್ರಮಾಣವನ್ನೂ ಸಂಗೀತಲಿಪಿಯಲ್ಲಿ ಗುರುತಿಸಿಕೊಳ್ಳುತ್ತಿದ್ದನು. ಚೆಕ್ ಭಾಷೆಯಲ್ಲಿಯೂ ನಮ್ಮಲ್ಲಿರುವಂತೆ ಹ್ರಸ್ವದೀರ್ಘಗಳ ವ್ಯತ್ಯಾಸದಿಂದ ಅರ್ಥ ಬೇರಾಗುತ್ತದೆ. ಆದುದರಿಂದ ಸ್ವರವನ್ನು ಹಿಗ್ಗಿಸಿ ಕುಗ್ಗಿಸುವ ಸ್ವಾತಂತ್ರ್ಯ ಅಲ್ಲಿ ಸಂಗೀತಗಾರನಿಗೆ ಅಷ್ಟಾಗಿ ಇಲ್ಲ. ಆದರೆ ಯಾನಾಚೆಕನ ಆಸಕ್ತಿ ವ್ಯಾಕರಣವನ್ನು ಮೀರಿದ್ದು. ಒಂದೇ ಪದವನ್ನು ಸಂತೋಷದಲ್ಲಿ ಆಡಿದಾಗ ಒಂದು ರೇಖೆ, ಸುಳ್ಳಾಡುವಾಗ ಇನ್ನೊಂದು, ಭಯದಲ್ಲಿ ಮತ್ತೊಂದು. ಈ ಮಾತಿನ ಧಾಟಿಯೇ ಆತ್ಮಕ್ಕೆ ತೆರೆದ ಕಿಟಕಿಯೆಂದು ಅವನು ನಂಬಿದ್ದನು. ಹೀಗೆ ಕೂಡಿಟ್ಟ ಧಾಟಿಗಳನ್ನು ಅವನು ತನ್ನ ಕೃತಿಗಳಲ್ಲಿ ನೇರವಾಗಿ ಇಳಿಸಿದನೆಂದು ಕೆಲವರು ತಿಳಿದಿರುವುದುಂಟು, ಅದು ಸರಿಯಲ್ಲ. ಆ ಸಂಗ್ರಹ ಅವನಿಗೆ ಅಧ್ಯಯನದ ಸಾಮಗ್ರಿ, ಕಿವಿಯ ಸಾಧನೆ.

ಕನ್ನಡ ವಾಚಕರಿಗೆ ಇಲ್ಲಿ ತಮ್ಮದೇ ಒಂದು ಹಳೆಯ ಪ್ರಶ್ನೆ ನೆನಪಾಗದಿರದು. ವಚನವೆಂಬ ಹೆಸರೇ ಆಡಿದ ಮಾತನ್ನು ಸೂಚಿಸುತ್ತದೆ. ತಾಳಮಾನಗಳ ಶಾಸ್ತ್ರ ತಮಗೆ ತಿಳಿಯದೆಂದು ಬಸವಣ್ಣನವರು ನಿವೇದಿಸಿಕೊಂಡ ವಚನ ಎಲ್ಲರಿಗೂ ಪರಿಚಿತವಾದುದು. ವಚನಗಳನ್ನು ರಾಗಗಳಲ್ಲಿ ಹಾಡಿ ರಸಿಕರ ಹೃದಯಕ್ಕೆ ಮುಟ್ಟಿಸಿದ ಮಲ್ಲಿಕಾರ್ಜುನ ಮನಸೂರರಂಥ (1910-1992) ಮಹನೀಯರ ಉಪಕಾರ ದೊಡ್ಡದು. ಆದರೆ ಅಷ್ಟು ಅರಿವಿಲ್ಲದವರ ಕಂಠದಲ್ಲಿ ರಾಗವಿಸ್ತಾರದ ಭರಕ್ಕೆ ಸಿಕ್ಕಿ ಪದ ಮುರಿದು ಅರ್ಥ ಮಸುಳಿಸುವುದೂ ಉಂಟು. ಮಾತಿನ ನಡಿಗೆಯನ್ನು ಕೆಡಿಸದೆ ಅದನ್ನು ನಾದಕ್ಕೆ ಏರಿಸುವ ಬಗೆ ಹೇಗೆಂಬ ಪ್ರಶ್ನೆಗೆ ಮೊರಾವಿಯದ ಈ ಉಪಾಧ್ಯಾಯ ತನ್ನ ಭಾಷೆಯಲ್ಲಿ ಒಂದು ಉತ್ತರವನ್ನು ಕಂಡುಕೊಂಡನು.

ಆ ಉತ್ತರವೇ 'ಯೆನೂಫಾ' ಎಂಬ ಆಪೆರಾ. ಗಾಬ್ರಿಯೇಲಾ ಪ್ರೈಸೊವಾ ಎಂಬ ಲೇಖಕಿಯ, 1890ರಲ್ಲಿ ಪ್ರಯೋಗಗೊಂಡ ಗದ್ಯನಾಟಕ ಅದಕ್ಕೆ ಮೂಲ. ಮೊರಾವಿಯದ ಹಳ್ಳಿಯೊಂದರ ಕಥೆ: ಯೆನೂಫಾ ಎಂಬ ಕನ್ಯೆ ತಾಯಿಯಾಗುತ್ತಾಳೆ, ಅವಳ ಮಲತಾಯಿ, ಊರಿನಲ್ಲಿ ಧರ್ಮನಿಷ್ಠೆಗೆ ಹೆಸರಾದವಳು, ಕುಲದ ಮಾನ ಹೋಗುವುದೆಂಬ ಭೀತಿಯಿಂದ ಎಳೆಯ ಕೂಸನ್ನು ಹಿಮಗಟ್ಟಿದ ಹೊಳೆಗೆ ಹಾಕುತ್ತಾಳೆ. ಕೊನೆಗೆ ಸತ್ಯ ಹೊರಬೀಳುತ್ತದೆ; ಯೆನೂಫಾ ಮಲತಾಯಿಯನ್ನು ಕ್ಷಮಿಸುತ್ತಾಳೆ. ನಾಟಕದ ಗದ್ಯವನ್ನು ಪದ್ಯವಾಗಿಸುವ ಗೋಜಿಗೆ ಯಾನಾಚೆಕ್ ಹೋಗಲಿಲ್ಲ. ತಾನೇ ಅಲ್ಲಲ್ಲಿ ಸಂಕ್ಷೇಪಿಸಿ ಆ ಮಾತುಗಳನ್ನೇ ಸ್ವರಕ್ಕೆ ತಂದನು. ಈ ಕೆಲಸಕ್ಕೆ 1894ರಿಂದ 1903ರವರೆಗೆ, ಸುಮಾರು ಒಂಬತ್ತು ವರ್ಷ ಹಿಡಿಯಿತು. ಅದು ಮುಗಿಯುವ ಹೊತ್ತಿಗೆ ಅವನ ಮನೆಯಲ್ಲೇ ಮೃತ್ಯು ನಿಂತಿತ್ತು. ಮಗ ವ್ಲಾದಿಮೀರ್ ಎರಡು ವರ್ಷದ ಕೂಸಾಗಿದ್ದಾಗಲೇ 1890ರಲ್ಲಿ ಹೋಗಿದ್ದನು. ಇಪ್ಪತ್ತು ವರ್ಷದ ಮಗಳು ಓಲ್ಗಾ 1903ರ ಫೆಬ್ರುವರಿ 26ರಂದು ತೀರಿಕೊಂಡಳು. ಸಾವಿನ ಹಾಸಿಗೆಯಲ್ಲಿದ್ದ ಅವಳಿಗೆ ತಂದೆ ಈ ಕೃತಿಯನ್ನು ಪಿಯಾನೋದಲ್ಲಿ ನುಡಿಸಿ ಕೇಳಿಸಿದನು. ಅವಳ ಕಡೆಯ ಮಾತುಗಳ ಧಾಟಿಯನ್ನೂ ಅವನು ಪುಸ್ತಕದಲ್ಲಿ ಗುರುತಿಸಿಕೊಂಡಿದ್ದಾನೆ. ಇದನ್ನು ಓದಿದವರಲ್ಲಿ ಕೆಲವರಿಗೆ ಕಠೋರತೆಯೆಂದು ತೋರಬಹುದು. ಆದರೆ ಬೇರೆ ಯಾವ ರೀತಿಯಲ್ಲಿಯೂ ಹಿಡಿದಿಡಲಾಗದ ಕಂಠವನ್ನು ತನಗೆ ಗೊತ್ತಿದ್ದ ಒಂದೇ ಉಪಾಯದಿಂದ ಉಳಿಸಿಕೊಳ್ಳಲು ಯತ್ನಿಸಿದ ತಂದೆಯನ್ನು ಆ ಪುಟದಲ್ಲಿ ಕಾಣುವುದೇ ಹೆಚ್ಚು ನ್ಯಾಯ. ಆಪೆರಾ ಅವಳ ಸ್ಮೃತಿಗೆ ಅರ್ಪಿತವಾಯಿತು.

'ಯೆನೂಫಾ' 1904ರ ಜನವರಿ 21ರಂದು ಬ್ರನೋದಲ್ಲಿ ರಂಗವೇರಿತು. ಪ್ರಾಗಿನ ರಾಷ್ಟ್ರೀಯ ರಂಗಮಂದಿರ ಮಾತ್ರ ಅದನ್ನು ತಿರಸ್ಕರಿಸಿತು. ಅಲ್ಲಿನ ಆಪೆರಾ ವಿಭಾಗದ ಮುಖ್ಯಸ್ಥ ಕಾರೆಲ್ ಕೊವರ್ಜೊವಿತ್ಸನ ಒಂದು ಕೃತಿಯನ್ನು ಯಾನಾಚೆಕ್ 1887ರಲ್ಲಿ ತನ್ನ ಪತ್ರಿಕೆಯಲ್ಲಿ ಕಟುವಾಗಿ ವಿಮರ್ಶಿಸಿದ್ದನು. ಆ ಗಾಯ ಮಾದಿರಲಿಲ್ಲ. ಹನ್ನೆರಡು ವರ್ಷ ಕಾದ ಮೇಲೆ, ವಾದ್ಯರಚನೆಯನ್ನು ಕೊವರ್ಜೊವಿತ್ಸನೇ ತಿದ್ದಬೇಕೆಂಬ ಷರತ್ತಿನೊಡನೆ, 1916ರ ಮೇ 26ರಂದು ಪ್ರಾಗಿನಲ್ಲಿ ಪ್ರಯೋಗ ನಡೆಯಿತು. ಮಾಕ್ಸ್ ಬ್ರೋಡ್ ಅದನ್ನು ಜರ್ಮನ್ ಭಾಷೆಗೆ ತಂದನು. 1918ರಲ್ಲಿ ವಿಯೆನ್ನಾ ಅದನ್ನು ಕೇಳಿತು. ಅರುವತ್ತೆರಡರ ಹೊಸ್ತಿಲಲ್ಲಿ ಯಾನಾಚೆಕ್ ಪ್ರಸಿದ್ಧನಾದನು. ಅವನು ಮೂಲದಲ್ಲಿ ಬರೆದ ವಾದ್ಯರಚನೆ ಸಾರ್ವತ್ರಿಕವಾಗಿ ಮತ್ತೆ ಬಳಕೆಗೆ ಬರಲು ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದಿತ್ತು. ಆ ಶೋಧನೆಯಲ್ಲಿ ಚಾರ್ಲ್ಸ್ ಮೆಕೆರಸ್ ಎಂಬ ನಿರ್ದೇಶಕನೂ ಜಾನ್ ಟಿರೆಲ್ ಎಂಬ ವಿದ್ವಾಂಸನೂ ಪಟ್ಟ ಶ್ರಮ ಉಲ್ಲೇಖನೀಯವಾದುದು.

ಆ ಬಳಿಕ ಉಳಿದದ್ದು ಹನ್ನೆರಡೇ ವರ್ಷ. ಅವನ ಹೆಸರನ್ನು ಉಳಿಸಿರುವ ಕೃತಿಗಳಲ್ಲಿ ಬಹುಪಾಲು ಆ ಅವಧಿಯವೇ. ಆಸ್ತ್ರೋವ್‌ಸ್ಕಿಯ 'ಚಂಡಮಾರುತ' ನಾಟಕದಿಂದ 'ಕಾತ್ಯಾ ಕಬನೋವಾ' (1921), ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಚಿತ್ರಕಥೆಯೊಂದರಿಂದ ನರಿಯ ಕುರಿತ ಆಪೆರಾ (1924), 'ರೋಬೋಟ್' ಎಂಬ ಪದವನ್ನು ಜಗತ್ತಿಗೆ ಕೊಟ್ಟ ಕಾರೆಲ್ ಚಾಪೆಕನ ನಾಟಕದಿಂದ, 337 ವರ್ಷ ಬದುಕಿ ಬೇಸತ್ತ ಹೆಂಗಸಿನ ಕಥೆಯಾದ 'ಮಕ್ರೋಪುಲೋಸ್ ಪ್ರಕರಣ' (1926) ಒಂದರ ಹಿಂದೊಂದು ಬಂದವು.

ಭಾರತೀಯರು ಅವಶ್ಯವಾಗಿ ಅರಿಯಬೇಕಾದ ಘಟನೆಯೊಂದು ಈ ನಡುವೆ ಜರುಗಿತು. 1921ರ ಜೂನ್ ತಿಂಗಳಿನಲ್ಲಿ ರವೀಂದ್ರನಾಥ ಠಾಕೂರರು ಪ್ರಾಗಿಗೆ ಬಂದು ಉಪನ್ಯಾಸ ಕೊಟ್ಟಾಗ ಸಭೆಯಲ್ಲಿ ಯಾನಾಚೆಕನೂ ಇದ್ದನು. ಕವಿಯ ಭಾಷೆ ಅವನಿಗೆ ಬಾರದು. ಆದರೂ ಕಂಠದ ಏರಿಳಿತವನ್ನು ಆಲಿಸಿ ಅದರ ಬಗ್ಗೆ ಬ್ರನೋದ ಪತ್ರಿಕೆಯಲ್ಲಿ ಲೇಖನ ಬರೆದನು. ಮರುವರ್ಷ ರವೀಂದ್ರರ ಒಂದು ಕವಿತೆಯನ್ನು ಆಯ್ದು 'ಅಲೆಮಾರಿ ಹುಚ್ಚ' ಎಂಬ ವೃಂದಗಾನವನ್ನು ರಚಿಸಿದನು. ಪರುಷಮಣಿಯನ್ನು ಅರಸುತ್ತ ಕಡಲ ತೀರದಲ್ಲಿ ಅಲೆಯುವ ಹುಚ್ಚನ ಕಥೆ ಅದು. ಸಿಕ್ಕಿದ ಕಲ್ಲುಗಳನ್ನೆಲ್ಲ ಸೊಂಟದ ಸರಪಳಿಗೆ ತಗುಲಿಸಿ ಎಸೆಯುತ್ತ ಹೋಗುವುದು ಅವನಿಗೆ ಎಷ್ಟು ಅಭ್ಯಾಸವಾಗಿಬಿಟ್ಟಿದೆಯೆಂದರೆ, ಸರಪಳಿ ಯಾವಾಗಲೋ ಹೊನ್ನಾಗಿದ್ದರೂ ಅದನ್ನು ಹೊನ್ನಾಗಿಸಿದ ಕಲ್ಲು ಯಾವುದೆಂಬುದು ಅವನಿಗೆ ತಿಳಿಯದು. ಕೇಳಿದವನು ಒಬ್ಬ ಸಣ್ಣ ಹುಡುಗ. ಆ ಮಾತು ಬರುವಲ್ಲಿ ಗಂಡು ಕಂಠಗಳ ನಡುವೆ ಒಂದೇ ಒಂದು ಹೆಣ್ಣು ಕಂಠ ಮೇಲೇಳುತ್ತದೆ. ಪರುಷದ ಉಪಮೆಯನ್ನು ಶರಣರ ವಚನಗಳಲ್ಲಿ ಮತ್ತೆ ಮತ್ತೆ ಕಂಡವರಿಗೆ ಈ ಕೃತಿಯ ತಿರುಳು ಕ್ಷಣದಲ್ಲಿ ಗೋಚರಿಸೀತು.

ಇನ್ನು ವಾದ್ಯಗೋಷ್ಠಿಯ ವಿಚಾರ. ದೊಡ್ಡ ವಾದ್ಯವೃಂದವಿಲ್ಲದೆ ಮನೆಯ ಪಡಸಾಲೆಯಲ್ಲಿ ಕುಳಿತು ನಾಲ್ಕಾರು ಜನ ನುಡಿಸುವ ಸಂಗೀತಕ್ಕೆ ಪಶ್ಚಿಮದಲ್ಲಿ 'ಚೇಂಬರ್ ಸಂಗೀತ' ಎಂದು ಹೆಸರು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಕೂಡಿದ ತಂತಿವಾದ್ಯ ಚತುಷ್ಟಯ ಅದರಲ್ಲಿ ಶ್ರೇಷ್ಠವೆನಿಸಿದುದು. ಇಲ್ಲಿ ಮಾತೇ ಇಲ್ಲ. ಮಾತಿನ ಧಾಟಿಯನ್ನು ಜೀವನವಿಡೀ ಬೆನ್ನಟ್ಟಿದವನು ಮಾತಿಲ್ಲದ ಪ್ರಕಾರಕ್ಕೆ ಕೈಯಿಟ್ಟಾಗ ಒಂದು ಕಥೆಯನ್ನು ಆಯ್ದುಕೊಂಡನು. ಅದು ಟಾಲ್‌ಸ್ಟಾಯ್ 1889ರಲ್ಲಿ ಮುಗಿಸಿದ 'ಕ್ರೂಟ್ಸರ್ ಸೊನಾಟಾ'.

ಆ ನೀಳ್ಗತೆಯ ಹೆಸರು ಬೀಥೋವನ್ 1803ರಲ್ಲಿ ಪಿಟೀಲು-ಪಿಯಾನೋಗಳಿಗಾಗಿ ರಚಿಸಿದ ಕೃತಿಯಿಂದ ಬಂದುದು. ರೈಲಿನ ಡಬ್ಬಿಯಲ್ಲಿ ಪೊಜ್ದ್‌ನಿಶೆವ್ ಎಂಬ ಪ್ರಯಾಣಿಕ ತನ್ನ ಹೆಂಡತಿಯನ್ನು ತಾನು ಕೊಂದ ಬಗೆಯನ್ನು ಹೇಳಿಕೊಳ್ಳುತ್ತಾನೆ. ಅವಳು ಪಿಯಾನೋ ನುಡಿಸುವವಳು. ಪಿಟೀಲುವಾದಕನೊಬ್ಬನೊಂದಿಗೆ ಅವಳು ಬೀಥೋವನನ ಆ ಕೃತಿಯನ್ನು ನುಡಿಸಿದುದು ಗಂಡನ ಸಂಶಯಕ್ಕೆ ತುಪ್ಪ ಸುರಿಯಿತು. ವಿವಾಹವೆಂಬ ವ್ಯವಸ್ಥೆಯನ್ನೂ ಕಾಮವನ್ನೂ ಕಡೆಗೆ ಸಂಗೀತವನ್ನೂ ಆ ಮನುಷ್ಯ ಆಪಾದನೆಗೆ ಗುರಿಮಾಡುತ್ತಾನೆ. ರಷ್ಯದ ಸರ್ಕಾರ ಕಥೆಯ ಪ್ರಕಟಣೆಯನ್ನು ತಡೆದಾಗ, 1891ರಲ್ಲಿ ಟಾಲ್‌ಸ್ಟಾಯನ ಪತ್ನಿ ಸೋಫಿಯಾ ಚಕ್ರವರ್ತಿಯನ್ನು ತಾನೇ ಕಂಡು, ಸಮಗ್ರ ಕೃತಿಗಳ ಸಂಪುಟದಲ್ಲಿ ಅದನ್ನು ಸೇರಿಸಲು ಅಪ್ಪಣೆ ಪಡೆದಳು. ಆ ಕಥೆಯಿಂದ ತನಗಾದ ನೋವನ್ನು ಮಾತ್ರ ಅವಳು ಮರೆಯಲಿಲ್ಲ. ಹೆಂಗಸಿನ ಕಡೆಯಿಂದ ಅದಕ್ಕೆ ಪ್ರತ್ಯುತ್ತರವಾಗಿ 'ಯಾರ ತಪ್ಪು?' ಎಂಬ ಕಥೆಯೊಂದನ್ನು ಬರೆದಿಟ್ಟಳು. ಅದು ಅಚ್ಚಾದುದು 1994ರಲ್ಲಿ, ಒಂದು ಶತಮಾನ ಕಳೆದ ಮೇಲೆ.

ಯಾನಾಚೆಕನಿಗೆ ಆ ಹಸ್ತಪ್ರತಿಯ ಸುಳಿವು ಇರಲು ಸಾಧ್ಯವಿಲ್ಲ. ಆದರೆ ಟಾಲ್‌ಸ್ಟಾಯನ ಪುಟಗಳಲ್ಲಿ ಯಾರ ಧ್ವನಿ ಇಲ್ಲವೆಂಬುದನ್ನು ಅವನ ಕಿವಿ ಹಿಡಿಯಿತು. ಕಥೆಯುದ್ದಕ್ಕೂ ಮಾತನಾಡುವವನು ಕೊಂದವನು. ಸತ್ತವಳ ಮಾತು ಅವನ ಬಾಯಿಯಿಂದಲೇ ಓದುಗನಿಗೆ ತಲಪಬೇಕು. ಟಾಲ್‌ಸ್ಟಾಯನ ಎಂಬತ್ತನೆಯ ಹುಟ್ಟುಹಬ್ಬದ ಸಂದರ್ಭಕ್ಕೆಂದು 1908ರಲ್ಲಿ ಯಾನಾಚೆಕ್ ಇದೇ ಕಥೆಯ ಮೇಲೆ ತ್ರಿವಾದ್ಯರಚನೆಯೊಂದನ್ನು ಮಾಡಿದ್ದನು. ಅದು ಈಗ ಕಳೆದುಹೋಗಿದೆ. ಅದರ ಕೆಲವು ಅಂಶಗಳನ್ನು ಬಳಸಿಕೊಂಡು 1923ರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ, ಕೆಲವೇ ವಾರಗಳಲ್ಲಿ, ಅವನು ತನ್ನ ಮೊದಲನೆಯ ಚತುಷ್ಟಯವನ್ನು ಬರೆದು ಮುಗಿಸಿದನು. ಆಗ ಅವನಿಗೆ ಅರುವತ್ತೊಂಬತ್ತು ವರ್ಷ. ಹೊಡೆತ ತಿಂದು ನರಳಿ ಸತ್ತ ಬಡಪಾಯಿ ಹೆಂಗಸೊಬ್ಬಳು ತನ್ನ ಕಣ್ಣಮುಂದೆ ಇದ್ದಳೆಂದು ಒಂದು ಪತ್ರದಲ್ಲಿ ತಿಳಿಸಿದ್ದಾನೆ. ಗಂಡಸರು ಹೆಂಗಸರ ಮೇಲೆ ನಡೆಸುವ ದಬ್ಬಾಳಿಕೆಗೆ ವಿರುದ್ಧವಾಗಿ ಈ ಕೃತಿಯನ್ನು ಅವನು ಉದ್ದೇಶಿಸಿದ್ದನೆಂದು, 1924ರ ಅಕ್ಟೋಬರ್ 17ರಂದು ಪ್ರಾಗಿನಲ್ಲಿ ಅದನ್ನು ಮೊದಲಿಗೆ ನುಡಿಸಿದ ತಂಡದ ಯೋಸೆಫ್ ಸುಕ್ ಹೇಳಿದ್ದುಂಟು.

ಕೃತಿ ಹದಿನೇಳು ಹದಿನೆಂಟು ನಿಮಿಷಗಳಲ್ಲಿ ಮುಗಿಯುತ್ತದೆ. ಕಥೆಯ ಘಟನೆಗಳನ್ನು ಅದರಲ್ಲಿ ಒಂದೊಂದಾಗಿ ಹುಡುಕುವುದು ವ್ಯರ್ಥ. ಆರಂಭದಲ್ಲಿಯೇ ನಿಟ್ಟುಸಿರಿನಂತೆ ಏರಿ ಬಾಗುವ ಒಂದು ಕಿರಿಯ ಸ್ವರಗುಚ್ಛ ಕೇಳಿಬರುತ್ತದೆ; ಅದಕ್ಕೆ ಎದುರಾಗಿ ಚೆಲ್ಲೋದಲ್ಲಿ ಚುರುಕಾದ, ತಡವರಿಸುವ ಇನ್ನೊಂದು. ಮೂರನೆಯ ಭಾಗದಲ್ಲಿ ಪಿಟೀಲೂ ಚೆಲ್ಲೋವೂ ಒಂದನ್ನೊಂದು ಅನುಸರಿಸುತ್ತ ಬೀಥೋವನನ ಕೃತಿಯನ್ನು ನೆನಪಿಸುವ ಮೃದುವಾದ ರೇಖೆಯನ್ನು ನುಡಿಸತೊಡಗುತ್ತವೆ. ಎರಡು ಜೀವಗಳ ಸಂವಾದ ಆಗಷ್ಟೇ ಆರಂಭವಾಯಿತು ಎನ್ನುವಷ್ಟರಲ್ಲಿ ಉಳಿದ ವಾದ್ಯಗಳು ಅದರ ಮೇಲೆ ಹರಿಹಾಯುತ್ತವೆ. ಕಮಾನನ್ನು ವಾದ್ಯದ ಕುದುರೆಯ ಹತ್ತಿರಕ್ಕೆ ತಂದು ಎಳೆದಾಗ ಹೊರಡುವ, ಗಾಜು ಗೀಚಿದಂಥ ಕರ್ಕಶ ಸ್ವರ ಅದು. ಮತ್ತೆ ಮೃದುವಾದ ರೇಖೆ, ಮತ್ತೆ ಆ ಗೀಚು. ಕೊನೆಯ ಭಾಗದಲ್ಲಿ ಆರಂಭದ ನಿಟ್ಟುಸಿರು ಮರಳುತ್ತದೆ. ಒಂದೆಡೆ ಕಣ್ಣೀರಿನಲ್ಲಿರುವಂತೆ ನುಡಿಸಬೇಕೆಂಬ ಸೂಚನೆಯನ್ನು ಪಿಟೀಲಿಗೆ ಬರೆದಿದ್ದಾನೆ. ಸಂಗೀತವನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದ ಕಥೆಗೆ ಸಂಗೀತ ಕೊಟ್ಟ ಸಾಕ್ಷ್ಯ ಇದು; ಸಾಕ್ಷ್ಯ ಸತ್ತವಳ ಪರವಾಗಿದೆ.

ಮೂಲಕ್ಕೆ ಹೀಗೆ ಎದುರಾಗಿ ನಿಲ್ಲುವ ಅಧಿಕಾರ ಸಂಗೀತಗಾರನಿಗೆ ಉಂಟೇ ಎಂದು ಕೇಳುವವರಿದ್ದಾರೆ. ಕವಿಯ ಅಭಿಪ್ರಾಯವನ್ನು ಚಾಚೂ ತಪ್ಪದೆ ಹೊರುವುದೇ ನಿಷ್ಠೆಯಾದರೆ ಯಾನಾಚೆಕ್ ನಿಷ್ಠನಲ್ಲ. ಆದರೆ ಟಾಲ್‌ಸ್ಟಾಯನ ಬರವಣಿಗೆಯ ಬಲವೇ ಎಂಥದೆಂದರೆ, ಅವನ ವಾದವನ್ನು ಒಪ್ಪದವನಿಗೂ ಆ ಹೆಂಗಸು ಜೀವಂತಳಾಗಿ ಕಾಣುತ್ತಾಳೆ. ವಾದವನ್ನು ಬಿಟ್ಟು ಜೀವವನ್ನು ಹಿಡಿದ ಓದು ಇದು. ಟೀಕಾಕಾರರ ಪರಂಪರೆಯನ್ನು ಬಲ್ಲವರಿಗೆ ಇಂಥ ಓದು ಅಪರಿಚಿತವೇನಲ್ಲ.

ಇಷ್ಟಾದರೂ ಒಂದು ಮಾತನ್ನು ಮರೆಮಾಚಬಾರದು. ನುಡಿಗೆ ತಕ್ಕ ನಡೆಯನ್ನು ಕೇಳುವ ಪರಂಪರೆಯವರು ಯಾನಾಚೆಕನ ಗೃಹಜೀವನವನ್ನು ನೋಡಿದರೆ ಮುಖ ಬಾಡದಿರದು. ಗಾಯಕಿಯೊಬ್ಬಳೊಡನೆ ಅವನ ಸಂಬಂಧದಿಂದ ನೊಂದ ಪತ್ನಿ ಜ್ದೆಂಕಾ 1916ರಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದಳು. 1917ರಲ್ಲಿ ಪರಿಚಯವಾದ, ತನಗಿಂತ ಮೂವತ್ತೇಳು ವರ್ಷ ಕಿರಿಯಳೂ ವಿವಾಹಿತೆಯೂ ಆದ ಕಾಮಿಲಾ ಸ್ಟೋಸ್ಲೊವಾಳಿಗೆ ಅವನು ಏಳುನೂರಕ್ಕೂ ಮಿಕ್ಕಿ ಪತ್ರಗಳನ್ನು ಬರೆದನು. ಹಿಂಸೆಗೊಳಗಾದ ಹೆಂಗಸಿನ ಕುರಿತ ಆ ಪತ್ರವೂ ಅವಳಿಗೇ ಬರೆದುದು. ಅದೇ ಮನೆಯಲ್ಲಿ ಜ್ದೆಂಕಾ ಮೌನವಾಗಿ ಬಾಳುತ್ತಿದ್ದಳು. 1928ರಲ್ಲಿ ಬರೆದ ಎರಡನೆಯ ಚತುಷ್ಟಯಕ್ಕೆ 'ಆಪ್ತ ಪತ್ರಗಳು' ಎಂದೇ ಹೆಸರು. ಅದಕ್ಕೆ ಆಧಾರವಾದ ಸಾಹಿತ್ಯ ಅವನ ಸ್ವಂತ ಪತ್ರವ್ಯವಹಾರ. ಕಥೆಯಲ್ಲಿನ ಹೆಂಡತಿಯ ನಿಟ್ಟುಸಿರನ್ನು ಕೇಳಿದ ಕಿವಿಗೆ ಪಕ್ಕದ ಕೋಣೆಯದು ಕೇಳಿಸಲಿಲ್ಲ. ಕೃತಿಯ ಬೆಲೆ ಇದರಿಂದ ಕುಂದದಿದ್ದರೂ ಕೃತಿಕಾರನನ್ನು ಕೊಂಡಾಡುವಾಗ ಜ್ದೆಂಕಾಳನ್ನು ಮರೆಯುವುದು ಅನ್ಯಾಯ. ಅವಳು ಹೇಳಿ ಬರೆಯಿಸಿದ ಆತ್ಮಕಥೆ ಉಳಿದಿದೆ.

ಅವನ ಕಟ್ಟಕಡೆಯ ಆಪೆರಾಕ್ಕೆ ಆಧಾರ ದಾಸ್ತಯೇವ್‌ಸ್ಕಿ. ರಾಜದ್ರೋಹದ ಆರೋಪದಲ್ಲಿ 1849ರಲ್ಲಿ ಬಂಧಿತನಾದ ದಾಸ್ತಯೇವ್‌ಸ್ಕಿ 1850ರಿಂದ ನಾಲ್ಕು ವರ್ಷ ಸೈಬೀರಿಯದ ಓಮ್ಸ್ಕ್ ಸೆರೆಮನೆಯಲ್ಲಿ ಸಂಕೋಲೆ ತೊಟ್ಟು ಕಳೆದನು. ಆ ಅನುಭವವೇ 'ಸತ್ತವರ ಮನೆಯ ಟಿಪ್ಪಣಿಗಳು'. ಕಥಾನಾಯಕನಿಲ್ಲದ, ಆದಿ ಅಂತ್ಯಗಳ ಬಂಧವಿಲ್ಲದ ಆ ಗ್ರಂಥವನ್ನು ರಂಗಕ್ಕೆ ತರಬಹುದೆಂದು ಬೇರೆ ಯಾರಿಗೂ ಹೊಳೆಯುವಂತಿರಲಿಲ್ಲ. ಯಾನಾಚೆಕ್ ಪ್ರತ್ಯೇಕ ಲಿಬ್ರೆಟೊ ಕೂಡ ಬರೆಯಲಿಲ್ಲ. ರಷ್ಯನ್ ಪುಸ್ತಕವನ್ನು ಮುಂದಿಟ್ಟುಕೊಂಡು, ಬೇಕಾದ ಪ್ರಸಂಗಗಳನ್ನು ಪಟ್ಟಿಮಾಡಿ, ಸ್ವರ ಬರೆಯುತ್ತಲೇ ಚೆಕ್ ಭಾಷೆಗೆ ಅನುವಾದಿಸುತ್ತ ಹೋದನು. ಅಲ್ಲಲ್ಲಿ ರಷ್ಯನ್ ಪದಗಳು ಹಾಗೆಯೇ ಉಳಿದವು. ಅಚ್ಚಾದ ಸಂಗೀತದ ಹಾಳೆಗಳನ್ನು ಬಿಟ್ಟು ಖಾಲಿ ಕಾಗದದ ಮೇಲೆ ತಾನೇ ಗೆರೆ ಎಳೆದುಕೊಂಡನು. ಆ ಕ್ಷಣಕ್ಕೆ ಬೇಕಾದ ವಾದ್ಯಗಳಿಗಷ್ಟೇ ಗೆರೆ. ಸೆರೆಯಾಳುಗಳು ಒಬ್ಬೊಬ್ಬರಾಗಿ ಎದ್ದು ತಮ್ಮ ಅಪರಾಧವನ್ನು ಹೇಳಿಕೊಳ್ಳುತ್ತಾರೆ. ಅವರಲ್ಲಿ ಶಿಶ್ಕೋವ್ ಎಂಬವನೂ ಹೆಂಡತಿಯನ್ನು ಕೊಂದವನೇ. ಪ್ರತಿಯೊಂದು ಜೀವಿಯಲ್ಲಿಯೂ ದೇವರ ಕಿಡಿಯಿದೆಯೆಂಬ ಅರ್ಥದ ಮಾತೊಂದನ್ನು ಯಾನಾಚೆಕ್ ಕೃತಿಯ ಮೊದಲಲ್ಲಿ ಬರೆದಿಟ್ಟಿದ್ದಾನೆ. ಈ ಮಾತು ಅಗ್ಗವಾಗಿ ಬಂದುದಲ್ಲ. ಕೊಲೆಗಡುಕರ ತಪ್ಪೊಪ್ಪಿಗೆಗಳನ್ನು ಅವರವರ ಧಾಟಿಯಲ್ಲಿಯೇ ಕೊನೆಯವರೆಗೆ ಆಲಿಸಿದವನ ಮಾತು ಅದು.

1928ರ ಬೇಸಗೆಯಲ್ಲಿ ಮೂರನೆಯ ಅಂಕದ ಪ್ರತಿಯನ್ನು ತಿದ್ದಲೆಂದು ಹುಕ್ವಾಲ್ಡಿಗೆ ಹೋದ ಯಾನಾಚೆಕನಿಗೆ ಶೀತ ಹಿಡಿದು ನ್ಯುಮೋನಿಯಾ ಆಯಿತು. ಆಗಸ್ಟ್ 12ರಂದು ಓಸ್ತ್ರಾವಾ ನಗರದಲ್ಲಿ ತೀರಿಕೊಂಡನು. ಬ್ರನೋದಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ನರಿಯ ಆಪೆರಾದ ಕೊನೆಯ ದೃಶ್ಯವನ್ನು ನುಡಿಸಿದರು. ಉಳಿದುಹೋದ ಹಸ್ತಪ್ರತಿಯ ವಿರಳವಾದ ವಾದ್ಯರಚನೆಯನ್ನು ಕಂಡು ಅದು ಅಪೂರ್ಣವೆಂದು ಭಾವಿಸಿದ ಶಿಷ್ಯರಾದ ಬಕಾಲಾ ಮತ್ತು ಖ್ಲುಬ್ನಾ ಅದನ್ನು ತುಂಬಿಸಿ, ಸ್ವಾತಂತ್ರ್ಯವನ್ನು ಕೊಂಡಾಡುವ ಮುಕ್ತಾಯವೊಂದನ್ನು ಜೋಡಿಸಿದರು. 1930ರ ಏಪ್ರಿಲ್ 12ರಂದು ಬ್ರನೋದ ಪ್ರೇಕ್ಷಕರು ಕಂಡುದು ಆ ರೂಪವನ್ನು. ಗುರುವಿನ ಮೇಲಣ ಭಕ್ತಿಯಿಂದಲೇ ಅವರು ಹಾಗೆ ಮಾಡಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬರೆಯದೆ ಬಿಟ್ಟುದೂ ಬರಹದ ಭಾಗವೆಂಬುದು ಅವರಿಗೆ ಹೊಳೆಯಲಿಲ್ಲ. ಮೂಲ ರೂಪ ರಂಗಕ್ಕೂ ಮುದ್ರಿಕೆಗಳಿಗೂ ಮರಳಲು ಹಲವು ದಶಕಗಳು ಹಿಡಿದವು. ಆ ಮೂಲದಲ್ಲಿ ಒಬ್ಬ ಕೈದಿಗೆ ಬಿಡುಗಡೆಯಾಗುತ್ತದೆ, ರೆಕ್ಕೆ ಮುರಿದಿದ್ದ ಹದ್ದನ್ನು ಉಳಿದವರು ಹಾರಬಿಡುತ್ತಾರೆ; ಒಡನೆಯೇ ಕಾವಲುಗಾರರ ಆಜ್ಞೆ ಮೊಳಗಿ ಸೆರೆಯಾಳುಗಳು ಸಂಕೋಲೆ ಎಳೆಯುತ್ತ ಕೆಲಸಕ್ಕೆ ನಡೆಯುತ್ತಾರೆ, ತೆರೆ ಬೀಳುತ್ತದೆ.